ಗ್ಯಾಲರಿಯಲ್ಲಿ ಗಲಾಟೆ ಮಾಡಿದವನು

ಜನರ ಜತೆ ಮಾತಾಡುವುದಕ್ಕೆಂದೇ ಸಂಬಳ ಪಡೆಯುವವನಿಗೆ ಮಾತಾಡಲು ಜನವೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನು ತಿರುವನಂತಪುರದ ಮಗ್ಗುಲಿನ ಒಂದು ನಗರಸಭೆಯಲ್ಲಿ ಜನಸಂಪರ್ಕ ವಿಭಾಗದ ಗುಮಾಸ್ತ. ಯಾವ ನಗರಸಭೆ ಎಂದು ಹೇಳುವುದಿಲ್ಲ. ನಿವೃತ್ತಿಗೆ ಇನ್ನೂ ಸಮಯವಿದೆ. ಕಾಸರಗೋಡಿನವನಾದ್ದರಿಂದ ಮಲಯಾಳ ಬರುತ್ತದೆ, ಆದರೆ ಅದು ಕಾಸರಗೋಡಿನ ಮಲಯಾಳ. ಬಾಯಿ ತೆರೆದರೆ ಇಲ್ಲಿಯವರು “ಸಾರ್‌ದು ಯಾವ ರಾಜ್ಯ?” ಎಂದು ಕೇಳುತ್ತಾರೆ. ಹೆಂಡತಿಗೆ ಕೊಚ್ಚಿಯ ಕಲೂರಿನಲ್ಲಿ ಬ್ಯಾಂಕ್ ಕೆಲಸ. ಮಗ ಅವಳ ಜತೆಗಿದ್ದಾನೆ. ಸಂಜೆ ಇಲ್ಲಿ ಪಟ್ಟಂನ ಬಾಡಿಗೆ ಕೋಣೆಯಿಂದ ಫೋನು ಮಾಡಿ, “ಎಂತ ಮಾಡ್ತಿದ್ದಿ ಮಗಾ?” ಎಂದರೆ ಅವನು “ಪಿನ್ನೆ ವಿಳಿಕ್ಕಾಂ ಅಚ್ಛಾ” ಎನ್ನುತ್ತಾನೆ. ಮತ್ತೆ ಫೋನು ಮಾಡುತ್ತೇನೆ ಅಪ್ಪಾ ಎಂದರ್ಥ. ಮಾಡುವುದಿಲ್ಲ. ತಪ್ಪು ಅವನದಲ್ಲ, ನನ್ನ ಹತ್ತಿರ ಕೇಳುವಂಥ ಸುದ್ದಿಯೇ ಇರುವುದಿಲ್ಲ.

ವಿಭಾಗವೆಂದರೆ ನಾನು ಮತ್ತು ನನ್ನ ಮೇಜು. ಮೊದಲು ಮೇಜು ತೆರಿಗೆಯವರ ಪಕ್ಕ ಇತ್ತು. ಅವರಿಗೆ ಜಾಗ ಸಾಲದೆ ಜನನ ಮರಣದವರ ಪಕ್ಕಕ್ಕೆ ಬಂತು. ಅಲ್ಲಿಂದ ಮೆಟ್ಟಿಲಿನ ಅಡಿಗೆ. ಮೇಲೆ ಯಾರಾದರೂ ಭಾರದ ಹೆಜ್ಜೆ ಇಟ್ಟರೆ ನನ್ನ ಚಹಾದಲ್ಲಿ ಸುಣ್ಣ ಉದುರುತ್ತದೆ. ಒಂದು ಕೋಣೆ ಕೊಡಿ ಎಂದು ನಾನು ಬೇಡಿಕೊಂಡಾಗಲೆಲ್ಲ ಸೂಪರಿಂಟೆಂಡೆಂಟ್ ಶಶಿಧರನ್ ಸಾರ್ “ನೋಕ್ಕಾಂ”, ನೋಡೋಣ, ಎನ್ನುತ್ತಿದ್ದರು. ಅಷ್ಟರಲ್ಲಿ ಕೌನ್ಸಿಲ್ ಸಭೆಯಲ್ಲಿ ಒಬ್ಬ ಸದಸ್ಯರು ಇನ್ನೊಬ್ಬರ ಮೇಲೆ ಸ್ಟೀಲ್ ಲೋಟ ಎಸೆದರು. ಅದು ಗುರಿ ತಪ್ಪಿ ಗೋಡೆಯ ಗಡಿಯಾರಕ್ಕೆ ಬಿತ್ತು. ಎಸೆದವರು ಒಳಗಿನವರು, ಸುರಕ್ಷತಾ ಕ್ರಮ ಮಾತ್ರ ಹೊರಗಿನವರಿಗೆ. ಸಾರ್ವಜನಿಕರ ಗ್ಯಾಲರಿಗೆ ಗಾಜಿನ ಅಡ್ಡಗೋಡೆ ಬಂತು, ಕುರ್ಚಿಗಳನ್ನು ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿದರು, ತಿಂಡಿ, ಬಾಟಲಿ ಒಯ್ಯಬಾರದೆಂದಾಯಿತು. ಕಾವಲಿಗೆ ಒಬ್ಬ ಬೇಕಲ್ಲ? ಕೋಣೆಯಿಲ್ಲದವನನ್ನೇ ಹಾಕಿದರು. ಹೀಗೆ ಜನರನ್ನು ಬನ್ನಿ ಎಂದು ಕರೆಯುವವನೂ ನಾನೇ, ಬಂದವರ ಚೀಲ ತಡಕಾಡುವವನೂ ನಾನೇ ಆದೆ. ಜನ ಬರುವುದನ್ನೇ ಬಿಟ್ಟರು.

ಬಿಡದವರು ಸರೋಜಿನಿಯಮ್ಮ ಒಬ್ಬರೇ. ಚಾಲೈ ಬಜಾರಿನಲ್ಲಿ ಬಹಳ ಕಾಲ ಹೂವು ಮಾರಿ ಈಗ ಮಗಳ ಮನೆ ಸೇರಿದವರು. ಅವರ ದೂರು ಓಣಿಯ ಬೀದಿದೀಪದ್ದು, ಅದು ದುರಸ್ತಿಯಾಗಿ ಎಷ್ಟೋ ಕಾಲವಾಗಿತ್ತು.

“ದೀಪ ಉರಿಯುತ್ತಿದೆಯಲ್ಲಮ್ಮ?” ಎಂದು ಒಮ್ಮೆ ಕೇಳಿದೆ.

“ಚೆನ್ನಾಗಿ ಉರಿಯುತ್ತದೆ ಮೋನೇ,” ಎಂದರು. ನನ್ನನ್ನು ಮಗನೇ ಎಂದೇ ಕರೆಯುತ್ತಿದ್ದರು.

“ಮತ್ತೆ ಬರುವುದು ಯಾಕೆ?”

“ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ. ಇಲ್ಲಿ ಬಂದರೆ ಯಾರಾದರೂ ಜಗಳವಾದರೂ ಆಡುತ್ತಿರುತ್ತಾರೆ.”

ಸೆರಗಿನಲ್ಲಿ ಬೆಲ್ಲದ ಉಣ್ಣಿಯಪ್ಪ ಮುಚ್ಚಿ ತರುತ್ತಿದ್ದರು. ನಾನು ನಿಯಮದ ಪ್ರಕಾರ ಅದನ್ನು ವಶಪಡಿಸಿಕೊಂಡು ಅರ್ಧ ತಿಂದು ಉಳಿದರ್ಧವನ್ನು ಅವರಿಗೇ ಕೊಡುತ್ತಿದ್ದೆ. ಸಭೆಯ ದಿನ ನಾನು ಇಸ್ತ್ರಿ ಹಾಕಿದ ಅಂಗಿ ತೊಡಲು ಶುರುಮಾಡಿದ್ದು ಆಗಲೇ.

ಹೀಗಿರುವಾಗ ಒಂದು ಸಭೆಯಲ್ಲಿ ಹೊಸ ವಿಷಯ ಬಂತು. ಗ್ಯಾಲರಿಗೆ ಜನ ಬರುವುದಿಲ್ಲ, ಸುರಕ್ಷತೆಗೂ ಅದು ತೊಂದರೆ. ಆದ್ದರಿಂದ ಗ್ಯಾಲರಿಯನ್ನು ಮುಚ್ಚಿ ಆ ಜಾಗವನ್ನು ಜನಸಂಪರ್ಕ ವಿಭಾಗಕ್ಕೆ ಕೊಡುವುದು. ಅಂದರೆ ನನಗೆ! ಶಶಿಧರನ್ ಸಾರ್ ಗಾಜಿನಾಚೆಯಿಂದ ನನ್ನತ್ತ ನೋಡಿ ಹೆಬ್ಬೆರಳೆತ್ತಿದರು.

“ಎಂತಾ ಮೋನೇ?”, ಏನದು ಮಗನೇ, ಎಂದರು ಸರೋಜಿನಿಯಮ್ಮ. ವಿಷಯ ಹೇಳಿದೆ.

“ನಿನಗೆ ರೂಮಾಯಿತಲ್ಲ, ಒಳ್ಳೆಯದಾಯಿತು,” ಎಂದು ಅವರು ಕೊಡೆ ಎತ್ತಿಕೊಂಡು ಎದ್ದರು. ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಸುಮ್ಮನೆ ಕೂತಿರುತ್ತಿದ್ದೆ.

ನಾನೂ ಎದ್ದೆ. ನೌಕರರು ಸಭೆಯಲ್ಲಿ ಬಾಯಿ ಬಿಡುವಂತಿಲ್ಲ. ನಾನು ಗಂಟಲು ಹರಿಯುವಂತೆ ಕೂಗಿದೆ. “ಎಂತ ಮಾರಾಯ್ರೆ ಇದು! ಜನ ಬರುದಿಲ್ಲ ಅಂತ ಹೇಳ್ತೀರಿ, ಬಂದವರಿಗೆ ಕೂರ್ಲಿಕ್ಕೆ ಜಾಗ ಬೇಡ್ವಾ? ನಂಗೆ ರೂಮು ಬೇಡ! ಈ ಅಮ್ಮ ಎಲ್ಲಿಗೆ ಹೋಗುದು? ನಾನು ಎಲ್ಲಿಗೆ ಹೋಗುದು?”

ಅಧ್ಯಕ್ಷೆ ಮೈಕಿನಲ್ಲಿ, “ಗಲಾಟೆ ಮಾಡುವವರನ್ನು ಗ್ಯಾಲರಿಯಿಂದ ಹೊರಗೆ ಹಾಕಿ” ಎಂದರು. ಎಲ್ಲರೂ ಕಾವಲಿನವನನ್ನು ಹುಡುಕಿದರು. ನಾನೂ ಒಂದು ಕ್ಷಣ ಹುಡುಕಿದೆ. ಆಮೇಲೆ ನೆನಪಾಗಿ, ನನ್ನನ್ನು ನಾನೇ ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

ಜಗಲಿಯ ಬೆಂಚಿನಲ್ಲಿ ಕೂತಿದ್ದೆ. ಸರೋಜಿನಿಯಮ್ಮ ಬಂದು ಪಕ್ಕದಲ್ಲಿ ಕೂತರು. “ಜೋರಾಗಿ ಹೇಳಿದೆ ಮೋನೇ. ಅದು ಯಾವ ಭಾಷೆ?”

ನಾನು ಕೂಗಿದ್ದು ಅಷ್ಟೂ ಕನ್ನಡದಲ್ಲಿ ಎಂದು ಆಗಲೇ ನನಗೆ ಗೊತ್ತಾದದ್ದು.

ಸ್ವಲ್ಪ ಹೊತ್ತಿಗೆ ಶಶಿಧರನ್ ಸಾರ್ ಬೆವರೊರೆಸುತ್ತಾ ಹೊರಗೆ ಬಂದರು. “ನೀವು ಬೈದಿರಾ, ಹೊಗಳಿದಿರಾ ಎಂದು ಒಳಗೆ ದೊಡ್ಡ ಚರ್ಚೆ. ಯಾರಿಗೂ ಅರ್ಥವಾಗಿಲ್ಲ. ಅರ್ಥವಾಗದ ಮಾತಿಗೆ ಶಿಕ್ಷೆ ಹೇಗೆ ಕೊಡುವುದು? ಗಲಾಟೆಯ ಕಾರಣ ವಿಷಯ ಮುಂದೂಡಿದ್ದಾರೆ. ರೂಮು ಸದ್ಯಕ್ಕಿಲ್ಲ,” ಎಂದು ಬೇಸರದಿಂದ ನನ್ನ ಭುಜ ತಟ್ಟಿ ಹೋದರು.

“ಇನ್ನೂ ಸ್ವಲ್ಪ ಹೇಳು, ಕೇಳಲು ಚೆಂದವಿತ್ತು,” ಎಂದರು ಸರೋಜಿನಿಯಮ್ಮ. ನಾನು ಕನ್ನಡದಲ್ಲೇ ಶುರುಮಾಡಿದೆ. ಕೋಣೆಯ ಫ್ಯಾನಿನ ಸದ್ದು, ಒಬ್ಬನಿಗೆಂದು ಮಾಡಿದರೂ ಮಿಗುವ ಅನ್ನ, ಮಗನ ಫೋನು. ಒಂದಕ್ಷರ ತಿಳಿಯದಿದ್ದರೂ ಅವರು ಸರಿಯಾದ ಜಾಗದಲ್ಲಿ ಹೂಂಗುಟ್ಟುತ್ತಿದ್ದರು. ನಾನು ನಿಲ್ಲಿಸಿದಾಗ, “ಎನ್ನಿಟ್ಟು?” ಎಂದರು. ಮುಂದೇನಾಯಿತು ಎಂದು.

ಮುಂದಿನದು ನನ್ನ ಹತ್ತಿರ ಇರಲಿಲ್ಲ. ಬರುವ ಸಭೆಯೊಳಗೆ ಏನಾದರೂ ನಡೆಯಲೇಬೇಕೆಂದು, ಆ ಸಂಜೆ ಪಟ್ಟಂನಲ್ಲಿ ಬಸ್ಸಿಳಿದವನು ನೇರ ಕೋಣೆಗೆ ಹೋಗದೆ ಬೀದಿಯಲ್ಲಿ ಬೇಕೆಂದೇ ಸುತ್ತಾಡಿದೆ. ಏನೂ ನಡೆಯಲಿಲ್ಲ. ಒಂದು ನಾಯಿ ಬೊಗಳಿತು. ನೋಡೋಣ, ಸ್ವಲ್ಪ ಎಳೆದು ಹೇಳಿದರೆ ಅರ್ಧ ಉಣ್ಣಿಯಪ್ಪಕ್ಕೆ ಸಾಕಾಗಬಹುದು.