ಮೊಸಳೆಯ ಮೇಲ್ದವಡೆ

ಮೊಸಳೆ ಆಕಾರದ ಕೇಕಿಗೆ ಒಂದು ವಾರ ಬೇಕು ಎಂದು ಬೇಕರಿಯವನು ಹೇಳಿದ. "ಮೊಸಳೆ ತಾನೆ? ನಾನೇ ಮಾಡ್ತೀನಿ ಬಿಡು," ಎಂದು ದಂತಶಿಲ್ಪಿ ಹೆಂಡತಿಯ ಮುಂದೆ ಹೇಳಿಬಿಟ್ಟ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ದಂತಶಿಲ್ಪಿ ಎನ್ನುವುದು ಲ್ಯಾಬಿನ ಜೊತೆಗಾರರು ಇಟ್ಟ ಅಡ್ಡಹೆಸರು. ಅಲ್ಲಿ ಅವನು ಹದಿನಾರು ವರ್ಷದಿಂದ ಹಲ್ಲಿನ ಸೆಟ್ಟುಗಳನ್ನು ಮಾಡುತ್ತಿದ್ದ. ಲೇವಡಿಗೆ ಇಟ್ಟ ಹೆಸರನ್ನು ಪಾಪ ಬಿರುದು ಎಂದುಕೊಂಡಿದ್ದ. ಊರಲ್ಲಿ ಎಷ್ಟೋ ಜನ ಅವನು ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರು. ನಗದೇ ಇದ್ದವರು ಅವನ ಅತ್ತೆ ಒಬ್ಬರೇ. ಅವರಿಗೆ ಮೂರು ಸಲ ಮೇಲಿನ ಸೆಟ್ಟು ಮಾಡಿಕೊಟ್ಟಿದ್ದ. ಮೂರು ಸಲವೂ ಅವರು ಕನ್ನಡಿ ಮುಂದೆ ಬಾಯಿ ತೆರೆದು ಮುಚ್ಚಿ ಹೇಳಿದ್ದು ಒಂದೇ ಮಾತು: "ಚುಚ್ಚುತ್ತೆ." ಆ ಬಾಯಿಂದ ಒಂದೇ ಒಂದು ಸಲ "ಚೆನ್ನಾಗಿದೆ" ಅನ್ನಿಸಿಕೊಳ್ಳಬೇಕು ಎನ್ನುವುದು ಅವನ ಬಹುಕಾಲದ ಆಸೆ.

ಭಾನುವಾರ ಮಗಳ ಏಳನೇ ಹುಟ್ಟುಹಬ್ಬ. ಕಾಡಿನ ಪಾರ್ಟಿ, ಬರುವ ಮಕ್ಕಳೆಲ್ಲ ಪ್ರಾಣಿಗಳ ಮುಖವಾಡ ಹಾಕಿಕೊಂಡು ಬರಬೇಕು. ಬೆಳಿಗ್ಗೆಯೇ ಬಂದಿಳಿದ ಅತ್ತೆ ಮೂರನೆಯ ಸೆಟ್ಟನ್ನು ಬಾಯಿಂದ ತೆಗೆದು ಅಳಿಯನ ಕೈಗೆ ಕೊಟ್ಟರು. "ಅಳಿಯಂದ್ರೇ, ಇನ್ನೊಂಚೂರು ಉಜ್ಜಿ ಕೊಡಿ," ಎಂದು ಬರಿ ಒಸಡಿನಲ್ಲೇ ಹೇಳಿ, ಒಳಗಿನ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತರು.

ಹದಿನಾರು ವರ್ಷ ಪಳಗಿದ ಕೈ ಒಂದು ಮೊಸಳೆಗೆ ಹೆದರೀತೇ? ಹೆದರಬೇಕಿತ್ತು ಎಂದು ಹನ್ನೊಂದು ಗಂಟೆಯ ಹೊತ್ತಿಗೆ ಅವನಿಗೇ ಗೊತ್ತಾಯಿತು. ಬೇಯಿಸಿದ ಮೂರು ಕೇಕುಗಳಲ್ಲಿ ಒಂದರ ನಡು ಕುಸಿದಿತ್ತು. ಅದನ್ನೇ ಹೊಟ್ಟೆ ಮಾಡಿದ್ದರಿಂದ ಮೊಸಳೆ ವಾರದಿಂದ ಉಪವಾಸ ಇದ್ದ ಹಾಗೆ ಕಂಡಿತು.

ಮಹಡಿ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ವಾಸನೆ ಬಡಿಯದೇ ಇರುತ್ತದೆಯೇ? ಕರೆಯದೆಯೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ರೀ ಇದು, ನೆನೆದ ಚಪ್ಪಲಿನಾ?"

"ಮೊಸಳೆ, ಸಾರ್."

"ಬಾಲ ಹೀಗೆ ನೆಟ್ಟಗಿರತ್ತೇನ್ರೀ? ಬಗ್ಗಿಸಿ, ಬಗ್ಗಿಸಿ!"

ಬಗ್ಗಿಸಿದ. ಬಾಲ ಮುರಿದು ಕೈಗೆ ಬಂತು. "ನಿಧಾನವಾಗಿ ಅಂತ ಹೇಳೋದ್ರೊಳಗೆ..." ಎಂದು ಮೇಷ್ಟ್ರು ಮುರಿದ ತುದಿಯನ್ನು ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ಹಸಿರು ಕ್ರೀಮು ಮೆತ್ತಿ ಅಂಟಿಸಿದ್ದಾಯಿತು. ಮಗಳು ಬಂದು ಇಣುಕಿ, "ಅಪ್ಪಾ, ಹಲ್ಲಿ ತುಂಬಾ ಮುದ್ದಾಗಿದೆ," ಎಂದು ಸಮಾಧಾನ ಹೇಳಿ ಹೋದಳು.

ಇನ್ನು ಮಾನ ಉಳಿಸಬೇಕಾದದ್ದು ಹಲ್ಲುಗಳೇ. ಅತ್ತೆಯ ಸೆಟ್ಟನ್ನು ಕೂರಿಸಿ ನೋಡಲು ಲ್ಯಾಬಿನಿಂದ ತಂದಿದ್ದ ಅವರ ದವಡೆಯ ಅಚ್ಚು ಮೇಜಿನ ಮೇಲಿತ್ತು. ದಂತಶಿಲ್ಪಿಗೆ ತಲೆ ಓಡಿತು. ಅಚ್ಚನ್ನು ತೊಳೆದು, ಗುಲಾಬಿ ಬಣ್ಣದ ಸಕ್ಕರೆ ಹಿಟ್ಟನ್ನು ಅದರ ಮೇಲೆ ಒತ್ತಿ ಒಸಡು ಮಾಡಿದ. ಬಿಳಿ ಹಿಟ್ಟಿನಲ್ಲಿ ಒಂದೊಂದೇ ಹಲ್ಲು ತಿದ್ದಿ ಜೋಡಿಸಿದ. ಮೊಸಳೆಗೆ ಹೀಗೆ ಸಾಲಾಗಿ, ಅಂದವಾಗಿ ಮನುಷ್ಯರ ಹಲ್ಲು ಇರುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅವನಿಗೆ ಗೊತ್ತಿದ್ದದ್ದು ಆ ಒಂದೇ ಬಗೆಯ ಹಲ್ಲು.

ಗಂಟೆಗಟ್ಟಲೆ ಒಣಗಿ ಹಿಟ್ಟು ಗಟ್ಟಿಯಾಯಿತು. ಆಮೇಲೆ ಅತ್ತೆಯ ಸೆಟ್ಟನ್ನೂ ಉಜ್ಜಿ, ಒರೆಸಿ, ಎಡಪಕ್ಕದ ತಟ್ಟೆಯಲ್ಲಿಟ್ಟ. ಎರಡನ್ನೂ ನೋಡಿ ಅವನ ಎದೆ ಉಬ್ಬಿತು. "ಸಾರ್, ಯಾವುದು ಸಕ್ಕರೇದು ಹೇಳಿ ನೋಡೋಣ!"

ಮೇಷ್ಟ್ರು ಎರಡನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ಇಟ್ಟರು. "ನಂಗಂತೂ ಗೊತ್ತಾಗಲ್ಲಪ್ಪ."

"ನಂಗೆ ಗೊತ್ತಾಗತ್ತೆ," ಎಂದು ದಂತಶಿಲ್ಪಿ ನಕ್ಕು, ಬಲಗಡೆಯದನ್ನು ಮೊಸಳೆಯ ಬಾಯಿಗೆ ಕೂರಿಸಿದ. ಎಡಗಡೆಯದನ್ನು ಕೊಂಡೊಯ್ದು ಅತ್ತೆಗೆ ಕೊಟ್ಟ.

ಸಂಜೆ ಹುಲಿ, ಕರಡಿ, ಮೊಲಗಳೆಲ್ಲ ಅಪ್ಪ ಅಮ್ಮಂದಿರ ಕೈ ಹಿಡಿದು ಬಂದವು. ಮೊಸಳೆಯ ನಗು ನೋಡಿ ಒಂದು ಹುಲಿ ಅಳತೊಡಗಿತು. ಅಷ್ಟರಲ್ಲಿ ಹಲ್ಲನ್ನು ಆಗತಾನೆ ಹಾಕಿಕೊಂಡು ಒಳಗಿನಿಂದ ಬಂದ ಅತ್ತೆ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನೋಡಿ, ನಮ್ಮ ಅಳಿಯಂದ್ರು ಇವತ್ತು ಹಲ್ಲು ಸರಿಮಾಡಿ ಕೊಟ್ಟಿದಾರೆ. ಚೂರೂ ಚುಚ್ಚಲ್ಲ. ಬೆಣ್ಣೆ ಇಟ್ಟ ಹಾಗಿದೆ. ತುಂಬಾ ಚೆನ್ನಾಗಿದೆ!"

ದಂತಶಿಲ್ಪಿಯ ಕಣ್ಣು ತುಂಬಿ ಬಂತು. ಇನ್ನು ಮೊಸಳೆ ಹಲ್ಲಿಯಾದರೇನು, ಚಪ್ಪಲಿಯಾದರೇನು! ಹೆಂಡತಿ ಕೂಡ ಅವನ ಕಡೆ ಹೆಮ್ಮೆಯಿಂದ ನೋಡಿ, ಅಮ್ಮನ ಕೈಗೆ ಬಿಸಿ ಕಾಫಿ ಕೊಟ್ಟಳು.

ಮಗಳು ಮೊಸಳೆಯ ಬಾಯಿಂದಲೇ ಕತ್ತರಿಸುತ್ತೇನೆಂದು ಹಟ ಹಿಡಿದಳು. ಚಾಕು ಟಕ್ಕೆಂದಿತು. "ಅಪ್ಪಾ, ಹಲ್ಲು ಕಟ್ಟೇ ಆಗ್ತಿಲ್ಲ!"

"ಸಕ್ಕರೆ ಗಟ್ಟಿಯಾಗಿದೆ, ಪುಟ್ಟೀ," ಎಂದು ಬಗ್ಗಿ ಉಗುರಿನಿಂದ ತಟ್ಟಿದ. ಹದಿನಾರು ವರ್ಷದ ಬೆರಳಿಗೆ ಒಂದೇ ಏಟಿಗೆ ಗೊತ್ತಾಯಿತು. ಅದು ಸಕ್ಕರೆಯಲ್ಲ.

ಅದೇ ಹೊತ್ತಿಗೆ ಹಿಂದಿನಿಂದ ಅತ್ತೆಯ ದನಿ ಏರಿತು. "ಏನೇ ಇದು? ನಂಗೆ ಸಕ್ಕರೆ ಕಾಯಿಲೆ ಅಂತ ಗೊತ್ತಿದ್ದೂ ಕಾಫಿಗೆ ಇಷ್ಟು ಸಕ್ಕರೆ ಸುರಿದಿದೀಯಲ್ಲ!"

"ಒಂದು ಕಾಳೂ ಹಾಕಿಲ್ಲಮ್ಮಾ!"

ಸುಮ್ಮನಿದ್ದರೆ ಬಿರುದು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಸುಮ್ಮನಿರಲೇ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ಅತ್ತೆಯ ಜೀವ ದೊಡ್ಡದು. "ಅತ್ತೇ, ಕುಡೀಬೇಡಿ!" ಎಂದು ಕೂಗಿದ. ಅವರು ಬೆಚ್ಚಿ ಬಾಯಿ ತೆರೆದರು. ಮುಂದಿನ ಮೂರು ಹಲ್ಲು ಆಗಲೇ ಕಾಫಿಯ ಪಾಲಾಗಿದ್ದವು. ಅಳು ನಿಲ್ಲಿಸಿದ್ದ ಹುಲಿ ಮತ್ತೆ ಶುರುಮಾಡಿತು.

ದಂತಶಿಲ್ಪಿ ಮೊಸಳೆಯ ಬಾಯಿಂದ ಅಸಲಿ ಸೆಟ್ಟನ್ನು ಕಿತ್ತು, ಕ್ರೀಮು ಹೋಗುವಂತೆ ನಲ್ಲಿಯಡಿ ತೊಳೆದು, ತಲೆ ತಗ್ಗಿಸಿ ಒಪ್ಪಿಸಿದ. ಅತ್ತೆ ಉಳಿದ ಸಕ್ಕರೆಯನ್ನು ಉಗಿದು, ಬಾಯಿ ಮುಕ್ಕಳಿಸಿ, ಅದನ್ನು ಹಾಕಿಕೊಂಡರು. ಬಾಯಿ ತೆರೆದು ಮುಚ್ಚಿದರು. ಇಡೀ ಕಾಡು ಉಸಿರು ಬಿಗಿಹಿಡಿದು ನಿಂತಿತ್ತು.

"ಚುಚ್ಚುತ್ತೆ," ಅಂದರು.

"ಮೊಸಳೆಗೆ ಮಾತ್ರ ಅಳತೆ ಹಿಡಿದ ಹಾಗೆ ಕೂತಿತ್ತು ಕಣ್ರೀ," ಎಂದರು ಮೇಷ್ಟ್ರು, ಮೊಸಳೆಯ ಹೊಟ್ಟೆಯನ್ನು ಬಾಯಿತುಂಬ ತುಂಬಿಕೊಂಡು.

ಅತ್ತೆ ಆ ಸೆಟ್ಟನ್ನು ತೆಗೆದು ಅಳಿಯನ ಅಂಗೈಯಲ್ಲಿಟ್ಟರು. "ಆ ಕರಗಿ ಹೋಯ್ತಲ್ಲ, ಅದು ಚೆನ್ನಾಗಿತ್ತು. ಥೇಟ್ ಅಂಥದ್ದೇ ಇನ್ನೊಂದು ಮಾಡ್ಕೊಡಿ ಅಳಿಯಂದ್ರೇ. ಸಕ್ಕರೆ ಮಾತ್ರ ಹಾಕ್ಬೇಡಿ."