ಹೊಲಿಗೆ ಬಿಚ್ಚುವ ಮೊದಲು

ಆಪರೇಷನ್ ಆದ ಎಂಟನೆಯ ದಿನ ಬೆಳಿಗ್ಗೆ ಆಯಾ ಸುಬ್ಬಮ್ಮ ಬಂದು ಹಾಸಿಗೆಯ ಚಾದರ ಬದಲಾಯಿಸಿದಾಗ ಪಾಲಾಕ್ಷನ ಎದೆ ಧಸಕ್ಕೆಂದಿತು.

ಚನ್ನರಾಯಪಟ್ಟಣದ ಆ ಹನ್ನೆರಡು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಚಾದರ ಬದಲಾಗುತ್ತಿದ್ದುದು ರೋಗಿ ಹೋದ ಮೇಲೆ. ನಾಲ್ಕು ದಿನದ ಹಿಂದೆ ಮೂಲೆಯ ಹಾಸಿಗೆಯ ಅಜ್ಜನ ಚಾದರ ಬದಲಾಗಿತ್ತು. ಅಜ್ಜ ಹೋದದ್ದು ಮನೆಗೋ ಇನ್ನೆಲ್ಲಿಗೋ ಎಂದು ಕೇಳಲು ಪಾಲಾಕ್ಷನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಈಗ ತಾನು ಇಲ್ಲೇ ಇರುವಾಗ ತನ್ನ ಚಾದರ ಬದಲಾಯಿತೆಂದರೆ, ಇವರಿಗೆ ಮುಂಚಿತವಾಗಿ ಏನೋ ಗೊತ್ತಾಗಿರಬೇಕು.

ಪಾಲಾಕ್ಷ ದಂಡಿಗನಹಳ್ಳಿಯ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಯಾರ ಹಾಲಿನಲ್ಲಿ ಎಷ್ಟು ನೀರಿದೆಯೆಂದು ಎಲ್ಲರ ಎದುರಿಗೇ ಹೇಳಿ ವಾಪಸು ಕಳಿಸುತ್ತಿದ್ದ ಅವನನ್ನು ಕಂಡರೆ ಊರಿನ ಎಮ್ಮೆಗಳಿಗೂ ಅಂಜಿಕೆ ಎಂಬ ಮಾತಿತ್ತು. ಅಂಥವನು ಅಪೆಂಡಿಕ್ಸ್ ನೋವೆಂದು ಇಲ್ಲಿಗೆ ಬಂದು, ಹೊಟ್ಟೆಗೆ ಒಂಬತ್ತು ಹೊಲಿಗೆ ಹಾಕಿಸಿಕೊಂಡ ಮೇಲೆ, ಬಿಳಿ ಬಟ್ಟೆ ತೊಟ್ಟವರು ಬಾಗಿಲಲ್ಲಿ ಕಂಡರೆ ಸಾಕು, ಮಲಗಿದಲ್ಲೇ ಕೈ ಮುಗಿಯುತ್ತಿದ್ದ.

ಚಾದರದ ಹಿಂದೆಯೇ ಹಾಲು ಬಂತು. ಒಂದು ಗುಟುಕು ಕುಡಿದು ಪಾಲಾಕ್ಷ ಲೋಟ ಕೆಳಗಿಟ್ಟ. ಎಂಟು ದಿನದಲ್ಲಿ ಮೊದಲ ಸಲ ಅದರಲ್ಲಿ ನೀರಿರಲಿಲ್ಲ. ಅಷ್ಟು ಸಾಲದೆಂಬಂತೆ ಡಾಕ್ಟರ್ ವಸಿಷ್ಠರೇ ಬಂದು, ಸ್ಟೂಲು ಎಳೆದುಕೊಂಡು ಕೂತು, ಹೆಗಲ ಮೇಲೆ ಕೈಯಿಟ್ಟು, ಮನೆಯಲ್ಲಿ ಯಾರ್ಯಾರಿದ್ದಾರೆ, ಮಕ್ಕಳು ಯಾವ ಕ್ಲಾಸು ಎಂದೆಲ್ಲ ವಿಚಾರಿಸಿದರು. ದಿನಾ ಬಾಗಿಲಿನಿಂದಲೇ ಹೇಗಿದ್ದೀರೆಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಿದ್ದ ಮನುಷ್ಯ. ಚಿಕ್ಕ ಮಗಳ ಕ್ಲಾಸು ಹೇಳಿ ಪಾಲಾಕ್ಷ ಮತ್ತೊಮ್ಮೆ ಕೈ ಮುಗಿದ.

ಡಾಕ್ಟರು ಹೋದ ಮೇಲೆ ಅವನು ಪಕ್ಕದ ಹಾಸಿಗೆಯ ಚಂದ್ರಯ್ಯನ ಕಡೆ ತಿರುಗಿದ. ಚಂದ್ರಯ್ಯ ಇದೇ ಊರಿನ ತೆಂಗಿನಕಾಯಿ ವ್ಯಾಪಾರಿ. ಕಾಯಿ ರಾಶಿಯ ಮೇಲಿಂದ ಜಾರಿ ಕಾಲು ಮುರಿದುಕೊಂಡು ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ.

"ಅಣ್ಣೋ, ನಂಗೇನೋ ಆಗೈತೆ. ಇವ್ರು ಬಾಯ್ಬುಟ್ಟು ಏಳ್ತಾ ಇಲ್ಲ," ಎಂದ ಪಾಲಾಕ್ಷ.

ಸಮಾಧಾನ ಹೇಳಲು ಬಾಯಿ ತೆರೆದ ಚಂದ್ರಯ್ಯ ತನ್ನ ಮೈಕೆಳಗಿನ ಬಟ್ಟೆಯನ್ನು ಮುಟ್ಟಿ ನೋಡಿದ. ಅದೂ ಒಗೆದದ್ದು. ಸಣ್ಣ ದನಿಯಲ್ಲಿ ಕೇಳಿದ: "ಕಾಲ್ ಮುರ್ಕೊಂಡೋರೂ ಓಗ್ಬುಡ್ತಾರಾ ಪಾಲಾಕ್ಷಪ್ಪ?"

ಇಬ್ಬರನ್ನೂ ಆ ಭಯದಿಂದ ಬಿಡಿಸಿದವಳು ನರ್ಸ್ ಗುರುಸಿದ್ದಮ್ಮ. ಆಳೆತ್ತರದ ಹೆಂಗಸು, ಆಕೆಯ ಚಪ್ಪಲಿ ಸದ್ದಾದರೆ ನರಳುವವರೂ ನರಳುವುದನ್ನು ನಿಲ್ಲಿಸುತ್ತಿದ್ದರು. ಆಕೆ ಹೇಳಿದ ವಿಷಯ ಇಷ್ಟೇ ಆಗಿತ್ತು. ಅದು ೨೦೦೩ನೇ ಇಸವಿ. ಹಾಸನದ ಸ್ನೇಹಿತರೊಬ್ಬರು ತಮ್ಮ ಆಸ್ಪತ್ರೆಗೆ ಸಿಕ್ಕ ಗುಣಮಟ್ಟದ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ತೂಗುಹಾಕಿದ್ದನ್ನು ನೋಡಿಬಂದಾಗಿನಿಂದ ವಸಿಷ್ಠರಿಗೂ ಅಂಥದೊಂದು ಬೇಕೆನಿಸಿತ್ತು. ರೋಗಿಗಳ ಆರೈಕೆ ಹೇಗಿದೆಯೆಂದು ಪರೀಕ್ಷಿಸಲು ಬೆಂಗಳೂರಿನಿಂದ ಹನ್ನೊಂದು ಗಂಟೆಗೆ ಒಬ್ಬರು ಬರುವವರಿದ್ದರು. ಅವರು ಒಬ್ಬ ರೋಗಿಯನ್ನು ಮಾತ್ರ ಒಂಟಿಯಾಗಿ ಕೂರಿಸಿ ಮಾತಾಡಿಸುತ್ತಾರೆ. ಹಾಲಿನ ಗುಣಮಟ್ಟ ಬಲ್ಲವನಿಗೆ ಆಸ್ಪತ್ರೆಯ ಗುಣಮಟ್ಟವೂ ಗೊತ್ತಿರುತ್ತದೆಂದು ಡಾಕ್ಟರು ಪಾಲಾಕ್ಷನ ಹೆಸರು ಕೊಟ್ಟಿದ್ದರು.

ಪಾಲಾಕ್ಷ ಉಸಿರು ಬಿಟ್ಟ. ಪೂರ್ತಿ ಬಿಡುವ ಮೊದಲೇ ಗುರುಸಿದ್ದಮ್ಮ ಬಗ್ಗಿ ದಿಂಬು ಸರಿಮಾಡುತ್ತ ಹೇಳಿದಳು: "ಅವ್ರು ಬಂದು ಹೋದ್ಮೇಲೆ ನಿಮ್ಮ ಹೊಲಿಗೆ ಬಿಚ್ಚೋದು, ಪಾಲಾಕ್ಷಪ್ನೋರೇ. ನಾನೇ ಬಿಚ್ಚೋದು. ನೋಡ್ಕೊಂಡು ಮಾತಾಡಿ."

ಸಾಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಚಂದ್ರಯ್ಯನಿಗೆ ಎಲ್ಲಿಲ್ಲದ ಶೌರ್ಯ ಬಂತು. ಆಸ್ಪತ್ರೆಯವರು ಅವನ ಹಾಸಿಗೆಯ ಔಷಧ ಪಥ್ಯದ ಕಾಗದವನ್ನೂ ಪಾಲಾಕ್ಷನ ಹಾಸಿಗೆಯ ಕಾಗದವನ್ನೂ ಅದಲು ಬದಲು ತೂಗುಹಾಕಿ, ಕಾಲು ಮುರಿದ ಚಂದ್ರಯ್ಯನಿಗೆ ಎರಡು ದಿನ ಬರೀ ಗಂಜಿ ಕುಡಿಸಿದ್ದರು. ಆ ಹಸಿವು ಇನ್ನೂ ಅವನ ಹೊಟ್ಟೆಯಲ್ಲಿತ್ತು.

"ಊರೋರ ಆಲಿಗೆಲ್ಲ ನೀರೈತೆ ನೀರೈತೆ ಅಂತೀಯ, ಇಲ್ಲಿ ಬಾಯ್ ಬುಡಕ್ಕಾಗಲ್ವಾ? ಎಲ್ಲಾ ಏಳ್ಬುಡು. ನಿನ್ ಇಂದೆ ನಾನಿವ್ನಿ," ಎಂದ.

ಸುದ್ದಿ ಗೋಡೆಯಾಚೆಗೂ ಹೋಯಿತು. ಹೆಂಗಸರ ವಾರ್ಡಿನವರು ಸುಬ್ಬಮ್ಮನ ಕೈಲಿ ಹೇಳಿ ಕಳಿಸಿದರು: ಹಾಸಿಗೆಗೊಂದರಂತೆ ಇರುವ ಬೆಲ್ಲು ಒತ್ತಿ ಒತ್ತಿ ಬೆರಳು ಸವೆದಿದೆ, ಅದಕ್ಕೆ ವೈರೇ ಇಲ್ಲ, ಇದನ್ನು ತಪ್ಪದೆ ಹೇಳಬೇಕು. ಹನ್ನೆರಡು ಹಾಸಿಗೆಗೆ ಒಬ್ಬಳೇ ಆಯಾ ಸಾಲದೆಂಬುದನ್ನೂ ಸೇರಿಸಬೇಕೆಂದು ಸುಬ್ಬಮ್ಮ ತನ್ನದೊಂದು ಅಹವಾಲು ಇಟ್ಟಳು. ಆದರೆ ಹೇಳಿದ್ದು ತಾನೆಂದು ಹೇಳಕೂಡದು. ಮನೆಗೆ ಕರೆದುಕೊಂಡು ಹೋಗಲು ಒಗೆದ ಬಿಳಿ ಅಂಗಿ ಪಂಚೆ ತಂದಿದ್ದ ಹೆಂಡತಿ ಪ್ರತಿಭಾಳದು ಬೇರೆಯೇ ಮಾತು.

"ಏನ್ ಕೇಳಿದ್ರೂ ಚೆನ್ನಾಗೈತೆ ಅನ್ನಿ ಸಾಕು. ಹನ್ನೆರಡೂವರೆ ಬಸ್ಸಿಗೆ ಊರಿಗೆ ಓಗಾಣ."

ಪಾಲಾಕ್ಷನೊಳಗೆ ಎರಡು ಭಯಗಳು ಜಗಳಕ್ಕೆ ನಿಂತವು. ಇದ್ದದ್ದು ಹೇಳಿದರೆ ಗುರುಸಿದ್ದಮ್ಮನ ಕತ್ತರಿ. ಸುಳ್ಳು ಹೇಳಿದರೆ ಚಂದ್ರಯ್ಯ ಸುಮ್ಮನಿರುವವನಲ್ಲ. ಕಾಯಿ ಮಾರಲು ಬರುವ ದಂಡಿಗನಹಳ್ಳಿಯವರಿಗೆಲ್ಲ ಸಾರುತ್ತಾನೆ. ಆಮೇಲೆ ಡೇರಿಯಲ್ಲಿ ಇವನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಗಡಿಯಾರ ಹತ್ತೂವರೆ ತೋರಿಸಿತು. ಬಂದು ಹೋಗುವ ಚಪ್ಪಲಿ ಸದ್ದಿಗೆಲ್ಲ ಒಂಬತ್ತು ಹೊಲಿಗೆಗಳೂ ಒಟ್ಟಿಗೆ ಜುಮ್ಮೆನ್ನುತ್ತಿದ್ದವು.

ಭಯದಲ್ಲಿಯೇ ಅವನಿಗೊಂದು ಉಪಾಯ ಹೊಳೆಯಿತು. ಗುರುಸಿದ್ದಮ್ಮ ಹತ್ತಿರ ಬಂದಾಗ ಹಾಸಿಗೆಯ ಕಾಗದ ತೋರಿಸಿದ.

"ಸಿಸ್ಟ್ರಮ್ಮ, ಎಂಟನೇ ದಿನ ಬೆಳಿಗ್ಗೆ ಬಿಚ್ಬೇಕು ಅಂತ ಡಾಕ್ಟ್ರೇ ಬರ್ದವ್ರೆ. ಬಂದೋರು ಅಂಗಿ ಎತ್ತಿ ನೋಡ್ಬುಟ್ರೆ ನಿಮ್ಗೇ ತೊಂದ್ರೆ ಆಯ್ತದಲ್ವಾ?"

ಗುರುಸಿದ್ದಮ್ಮ ಕಾಗದ ನೋಡಿದಳು, ಗಡಿಯಾರ ನೋಡಿದಳು, ಪಾಲಾಕ್ಷನನ್ನು ನೋಡಿದಳು. ಹೋಗಿ ಕತ್ತರಿ ತಂದಳು. ಅವನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒಂದೊಂದನ್ನೂ ಎಣಿಸಿದ. ಏಳಾಗುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಎಂಟನೆಯದೂ ಒಂಬತ್ತನೆಯದೂ ಹೆಚ್ಚುಕಮ್ಮಿ ಒಟ್ಟಿಗೇ ಬಂದವು.

ಬಂದವರ ಹೆಸರು ಗಿರಿಧರ. ತೆಳ್ಳಗಿನ, ನಗದ ಮನುಷ್ಯ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಪ್ಲಾಸ್ಟರಿನಿಂದಾಗಿ ಏಳಲಾರದ ಚಂದ್ರಯ್ಯ ಮಾತ್ರ ಇದ್ದಲ್ಲೇ ಉಳಿದ. ಫೈಲು ಬಿಚ್ಚಿ, ಇಲ್ಲಿಯ ಆರೈಕೆ ಹೇಗಿದೆಯೆಂದು ಗಿರಿಧರ ಕೇಳಿದರು.

"ಎಲ್ಲಾ ಚೆನ್ನಾಗೈತೆ ಸಾ," ಅಂದಿತು ಪಾಲಾಕ್ಷನ ಬಾಯಿ, ಎಂಟು ದಿನದ ಅಭ್ಯಾಸದಿಂದ. ಗಿರಿಧರ ಬರೆದುಕೊಂಡರು. ಅಷ್ಟರಲ್ಲಿ ಪಾಲಾಕ್ಷನ ಕೈ ಹೊಟ್ಟೆಯ ಮೇಲೆ ಹೋಯಿತು. ಹೊಲಿಗೆ ಇರಲಿಲ್ಲ. ಇನ್ನು ಇವರ ಕೈಲಿ ತನ್ನದೇನೂ ಉಳಿದಿಲ್ಲ.

"ಒಂದ್ನಿಮ್ಷ ಸಾ. ಬರ್ದಿದ್ನ ಒಡ್ದಾಕ್ಬುಡಿ."

ಆಮೇಲೆ ಅವನು ನಿಲ್ಲಲಿಲ್ಲ. ಡೇರಿಯ ಮೆಟ್ಟಿಲ ಮೇಲೆ ನಿಂತಾಗಿನ ದನಿ ತಾನಾಗಿ ಬಂತು. ವೈರಿಲ್ಲದ ಬೆಲ್ಲು, ಅದಲು ಬದಲಾದ ಕಾಗದ, ಒಬ್ಬಳೇ ಆಯಾ, ನೀರು ಹಾಲು, ಒಂದನ್ನೂ ಬಿಡಲಿಲ್ಲ. ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲದೆ ಒಳಗೆ ಕೂತವರು ಒಂದು ಕಾಲು ಚಾಚಿ ಬಾಗಿಲನ್ನು ಅದುಮಿ ಹಿಡಿಯಬೇಕೆಂದಾಗ ಗಿರಿಧರರಿಗೆ ಅರ್ಥವಾಗಲಿಲ್ಲ. ಪಾಲಾಕ್ಷ ಹಾಸಿಗೆಯಿಂದಿಳಿದು, ಅರ್ಧ ಕುಕ್ಕರುಗಾಲಲ್ಲಿ ಕೂತು, ಎಡಗಾಲು ಚಾಚಿ ತೋರಿಸಿದ. ಹೊಟ್ಟೆಯಲ್ಲಿ ಎಲ್ಲೋ ಚುಳಕ್ ಎಂದಿತು. ಮಾತಿನ ಭರದಲ್ಲಿ ಅವನು ಗಮನಿಸಲಿಲ್ಲ.

"ಇನ್ನೊಂದೈತೆ ಸಾ. ಚುಚ್ಚಾದ್ಮೇಲೆ ಇಂಜೆಕ್ಷನ್ ಅಂತಾರೆ. ಏನ್ ಮಾಡ್ತಾರೆ ಅಂತ ಮುಂಚೇನೇ ಏಳ್ಬೇಕಲ್ವಾ? ನಾವೂ ಮನುಸ್ರಲ್ವಾ?"

ಇದನ್ನು ಗಿರಿಧರ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಒಟ್ಟು ಹನ್ನೊಂದು ಅಂಶಗಳಾದವು. ಕೊನೆಗೆ ಪಕ್ಕದ ಹಾಸಿಗೆಯತ್ತ ತಿರುಗಿ, ಗಂಜಿಯ ವಿಷಯ ನಿಜವೇ ಎಂದು ವಿಚಾರಿಸಿದರು. ಪಾಲಾಕ್ಷ ಕಣ್ಣಲ್ಲೇ ಹುರಿದುಂಬಿಸಿದ. ಚಂದ್ರಯ್ಯ ತನ್ನ ಪ್ಲಾಸ್ಟರನ್ನೊಮ್ಮೆ ನೇವರಿಸಿ, ಗಂಜಿ ತನಗೆ ಮೊದಲಿಂದಲೂ ಇಷ್ಟ ಎಂದ. ಇಲ್ಲಿ ಎಲ್ಲರೂ ದೇವರಂಥವರು ಎಂದೂ ಸೇರಿಸಿದ. ಗಿರಿಧರ ಹೊರಗೆ ಹೋದ ಮೇಲೆ ಪಾಲಾಕ್ಷ ಏನಿದು ಎಂಬಂತೆ ನೋಡಿದಾಗ, ಚಂದ್ರಯ್ಯ ಮುಖ ತಿರುಗಿಸಿಕೊಂಡೇ ಹೇಳಿದ:

"ನಿಂದೇನಪ್ಪ, ಬಿಚ್ಚಾಯ್ತು. ನಂದಿನ್ನೂ ಬಿಚ್ಬೇಕು."

ಪಾಲಾಕ್ಷನಿಗೆ ಕೋಪ ಬರಲಿಲ್ಲ. ಬಿಳಿ ಅಂಗಿ ತೊಟ್ಟು, ಪಂಚೆ ಉಟ್ಟು, ಚೀಲ ಹಿಡಿದ ಪ್ರತಿಭಾಳ ಜೊತೆ ಬಾಗಿಲಿಗೆ ಬಂದ. ಆಗ ಡಾಕ್ಟರ ಕೋಣೆಯಿಂದ ವಸಿಷ್ಠರೂ ಗಿರಿಧರರೂ ಒಟ್ಟಿಗೆ ಹೊರಬಂದರು. ಡಾಕ್ಟರು ಸಿಟ್ಟಾಗಿರಲಿಲ್ಲ. ನಗುತ್ತಿದ್ದರು. ಅದನ್ನು ಕಂಡು ಪಾಲಾಕ್ಷ ಒಂದು ಹೆಜ್ಜೆ ಹಿಂದೆ ಸರಿದ.

ಗಿರಿಧರ ವಿವರಿಸಿದರು. ಹನ್ನೊಂದು ಕೊರತೆಗಳನ್ನೂ ಹದಿನೈದು ದಿನದಲ್ಲಿ ಸರಿಪಡಿಸಿದರೆ ಸರ್ಟಿಫಿಕೇಟು ಸಿಗುತ್ತದೆ. ಆದರೆ ಸರಿಯಾಗಿದೆ ಎಂಬುದಕ್ಕೆ ದೂರು ಹೇಳಿದ ರೋಗಿಯೇ ಸಹಿ ಹಾಕಬೇಕು. ಊರಿನಿಂದ ಬಸ್ಸಿಗೆ ಬಂದು ಹಾಕಿ ಹೋಗುತ್ತೇನೆಂದ ಪಾಲಾಕ್ಷ. ಹಾಗೆ ಆಗುವುದಿಲ್ಲ, ಅಷ್ಟೂ ದಿನ ಇಲ್ಲಿಯ ಆರೈಕೆಯಲ್ಲಿದ್ದು ನೋಡಿದವರಾಗಿರಬೇಕು ಎಂದರು ಅವರು.

"ಆದ್ರೆ ನಂಗೀಗ ಏನೂ ಕಾಯ್ಲೆ ಇಲ್ವಲ್ಲ ಸಾ."

ಎಲ್ಲರೂ ಅವನ ಅಂಗಿ ನೋಡುತ್ತಿದ್ದರು. ಬಿಳಿ ಅಂಗಿಯ ಬಲಗಡೆ, ಕೆಳಗೆ, ರೂಪಾಯಿಯಗಲದ ಕೆಂಪು ಕಲೆ ಮೂಡಿತ್ತು; ನೋಡುತ್ತಿದ್ದಂತೆ ಅದು ಇನ್ನೂ ಸ್ವಲ್ಪ ಅಗಲವಾಯಿತು. ವಸಿಷ್ಠರು ಅಂಗಿ ಎತ್ತಿ ನೋಡಿದರು. ಗಾಯದ ತುದಿ ಬಾಯಿ ಬಿಟ್ಟಿದೆ, ಕಾಲು ಚಾಚಿ ಕೂರುವ ಕೆಲಸ ಏನಾದರೂ ಮಾಡಿದಿರಾ ಎಂದು ಕೇಳಿದರು. ಎರಡು ಹೊಲಿಗೆ ಹಾಕಬೇಕು, ಒಣಗುವವರೆಗೆ ಹದಿನೈದು ದಿನ ಕದಲುವ ಹಾಗಿಲ್ಲ.

"ಹದಿನೈದು ದಿನ. ಹಾಗಾದ್ರೆ ಸರಿಹೋಯ್ತು," ಎಂದು ಗಿರಿಧರ ಫೈಲು ಮುಚ್ಚಿದರು.

ಪಾಲಾಕ್ಷ ಅವರ ಕೈ ಹಿಡಿದುಕೊಂಡ. ಆ ಕಾಗದ ಈಗಲೇ ಕೊಡಿ, ಹನ್ನೊಂದಕ್ಕೂ ಸೈನ್ ಹಾಕಿಬಿಡುತ್ತೇನೆ, ಬೆಲ್ಲು ಕೂಡ ಈಗ ಕೇಳಿಸುತ್ತಿದೆ ಎಂದು ಬೇಡಿಕೊಂಡ. ಗಿರಿಧರ ನಯವಾಗಿ ಕೈ ಬಿಡಿಸಿಕೊಂಡು ಕಾರು ಹತ್ತಿದರು. ಪ್ರತಿಭಾ ಚೀಲವನ್ನು ಮತ್ತೆ ಹಾಸಿಗೆಯ ಕೆಳಗಿಟ್ಟಳು. ಅವನು ಬಂದು ಮಲಗಿದಾಗ ಚಂದ್ರಯ್ಯ ಇತ್ತ ತಿರುಗಿ ನೋಡಲೇ ಇಲ್ಲ.

ಹನ್ನೆರಡೂವರೆಗೆ ಗುರುಸಿದ್ದಮ್ಮ ಸೂಜಿ ದಾರದ ತಟ್ಟೆ ಹಿಡಿದು ಬಂದಳು. ಆಕೆಯ ಜೇಬಿನಲ್ಲಿ ಹನ್ನೊಂದು ಅಂಶಗಳ ಕಾಗದ ಇಣುಕುತ್ತಿತ್ತು. ಪಾಲಾಕ್ಷ ಬೇಗ ಮುಗಿದರೆ ಸಾಕೆಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಚುಚ್ಚಲಿಲ್ಲ. ಸ್ಟೂಲು ಎಳೆದ ಸದ್ದಾಯಿತು. ಆಕೆ ಪಕ್ಕದಲ್ಲಿ ಆರಾಮವಾಗಿ ಕೂತಿದ್ದಳು.

"ಕಣ್ ಬಿಡಿ ಪಾಲಾಕ್ಷಪ್ನೋರೇ. ಮಾಡೋಕ್ ಮುಂಚೆ ಎಲ್ಲಾ ಹೇಳ್ಬೇಕಂತೆ. ಮೊದ್ಲು ಮರಗಟ್ಸೋಕೆ ನಾಲ್ಕು ಕಡೆ ಚುಚ್ತೀನಿ. ಕೇಳ್ಸ್ಕೊಳಿ," ಎಂದು ಆಕೆ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಉದ್ದದಿಂದ ಶುರುಮಾಡಿದಳು.