ಸ್ಟೀರಿಯೋ ಮುಂದಿನ ಖಾಲಿ ಕುರ್ಚಿ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ ಇದೆ. ಸ್ಟೀರಿಯೋ ಮಾರುತ್ತೇನೆ, ಮಾರಿದ್ದನ್ನು ಮನೆಗೆ ಹೋಗಿ ಜೋಡಿಸಿ, ಕಿವಿಗೆ ಹಿತವಾಗುವಂತೆ ಕೂರಿಸಿ ಬರುತ್ತೇನೆ. ಮಾರುವುದು ಸುಲಭ. ಕೂರಿಸುವುದಿದೆಯಲ್ಲ, ಅದು ಗಂಡಾಂತರ! ಯಾವ ಮನೆಗೆ ಹೋದರೂ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಏನೂ ಆಗದೆ ವಾಪಸು ಬಂದ ದಿನ ನನ್ನ ಹೆಂಡತಿಯೇ ಕೇಳುತ್ತಾಳೆ, "ಯಾಕ್ರೀ, ಅವರ ಮನೇಲಿ ಇವತ್ತು ಯಾರೂ ಇರಲಿಲ್ವಾ?"

ನನ್ನ ಕೆಲಸ ಬಹಳ ಸರಳ. ಎರಡು ಸ್ಪೀಕರ್ ಡಬ್ಬ, ಅವುಗಳ ಎದುರಿಗೆ ನಟ್ಟನಡುವೆ ಒಂದು ಕುರ್ಚಿ. ಮೂರೂ ಸೇರಿ ಒಲೆಯ ಮೂರು ಕಲ್ಲಿನ ಹಾಗಿರಬೇಕು. ಆ ಕುರ್ಚಿಯಲ್ಲಿ ಕೂತವರಿಗೆ ಹಾಡುವವರು, ಬಾರಿಸುವವರು ಎಲ್ಲ ಎದುರಿಗೇ ಕೂತು ಕಛೇರಿ ನಡೆಸಿದಂತೆ ಕೇಳುತ್ತದೆ. ಒಂದು ಮೊಳ ಆಚೀಚೆ ಸರಿದರೆ ಆ ಮಜಾ ಇಲ್ಲ. ಅದಕ್ಕೇ ಕುರ್ಚಿಯ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಬರುತ್ತೇನೆ. ನನಗಿರುವುದು ದೊಡ್ಡ ಆಸೆಯೇನಲ್ಲ. ಈ ಎರಡು ತಾಲೂಕಿನಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ನಾನು ಹೇಳಿದ ಜಾಗದಲ್ಲಿ ಕೂತು ಒಂದು ಹಾಡು ಪೂರ್ತಿ ಕೇಳಬೇಕು. ಅಷ್ಟು ಸಾಕು. ಅಷ್ಟೂ ಆಗುತ್ತಿರಲಿಲ್ಲ ನೋಡಿ, ಅದೇ ನನ್ನ ಹೊಟ್ಟೆಯುರಿ.

ನಿಂಬೆಹಣ್ಣು

ಸೊರಬದ ಕಡೆ, ಕ್ಯಾಸನೂರಿನ ಹತ್ತಿರದ ಒಂದು ಮನೆ. ಯಜಮಾನರು ಬ್ಯಾಂಕಿನ ನೌಕರರು, ಹಾಡೆಂದರೆ ಪ್ರಾಣ. ಡಬ್ಬ ಇಟ್ಟೆ, ವೈರು ಎಳೆದೆ, ಹಾಲಿನ ನಡುವೆ ಕುರ್ಚಿಗೆ ಜಾಗ ಅಳೆದು ಒಂದು ದುಂಡನೆಯ ಗೆರೆ ಬರೆದೆ. ಸರಿಯಾಗಿ ನಡುಮಧ್ಯ ಗೊತ್ತಾಗಲಿ ಅಂತ ಒಳಗೊಂದು ಅಡ್ಡಗೆರೆ, ಒಂದು ಉದ್ದಗೆರೆ. ಅಷ್ಟರಲ್ಲಿ ಕರೆಂಟು ಹೋಯಿತು. "ನಾಳೆ ಬಂದು ಹಾಡಿಸಿ ತೋರಿಸ್ತೀನಿ" ಅಂತ ಹೇಳಿ ಹೊರಟೆ.

ಯಜಮಾನರ ಹೆಂಡತಿ ಆ ದಿನ ಮದುವೆಗೆ ಹೋಗಿದ್ದರು. ಸಂಜೆ ಬಂದು ಬಾಗಿಲು ತೆರೆದರೆ ಹಾಲಿನ ನಡುವೆ ಬಿಳೀ ಮಂಡಲ! ಯಜಮಾನರು ಪೇಟೆಗೆ ಹೋದವರು ಆ ರಾತ್ರಿ ಅಲ್ಲೇ ಉಳಿದಿದ್ದರು. ಪಕ್ಕದ ಮನೆಯಾಕೆಯನ್ನು ಕರೆದು ತೋರಿಸಿದ್ದಾರೆ. ಆಕೆ ನೋಡಿದ್ದೇ ತಡ, "ಅಯ್ಯೋ, ಇದು ಮಾಟವೇ ಸೈ" ಅಂದಿದ್ದಾರೆ.

ಮರುದಿನ ನಾನು ಹೋದಾಗ ನನ್ನ ಗುರುತಿನ ಮೇಲೆ ಅರಿಶಿನ, ಕುಂಕುಮ, ಬೇವಿನ ಸೊಪ್ಪು, ನಡುವೆ ಒಂದು ನಿಂಬೆಹಣ್ಣು. ಮನೆಯವರೆಲ್ಲ ಗೋಡೆ ಸವರಿಕೊಂಡು ಓಡಾಡುತ್ತಿದ್ದರು.

"ಅಮ್ಮಾ, ಗಾಬರಿ ಆಗ್ಬೇಡಿ. ಅದನ್ನ ಬರೆದಿದ್ದು ನಾನೇ" ಅಂದೆ.

ಆಕೆ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ನೀವಾ? ನಾವು ನಿಮಗೆ ಎಂಥ ಅನ್ಯಾಯ ಮಾಡಿದ್ವಿ ಮಾರಾಯ್ರೆ?"

ಅಷ್ಟರಲ್ಲಿ ಬಂದ ಯಜಮಾನರು ನಗುತ್ತ ಎಲ್ಲ ಬಿಡಿಸಿ ಹೇಳಿದರು. ಆಕೆ ನಂಬಿದರು ಕೂಡ. ಆದರೆ ಒಮ್ಮೆ ಇಟ್ಟ ನಿಂಬೆಹಣ್ಣನ್ನು ಅಮಾವಾಸ್ಯೆ ಕಳೆಯುವ ತನಕ ತೆಗೆಯಬಾರದಂತೆ, ದಾಟಬಾರದಂತೆ. ಕಡೆಗೆ ಹಾಡು ಹಾಕಿದೆ. ಮನೆಯವರೆಲ್ಲ ಗೋಡೆಗೆ ಒರಗಿ ಕೂತು, ತಲೆದೂಗಿ ಕೇಳಿದರು. ಸರಿಯಾದ ಜಾಗದಲ್ಲಿ ಕೂತು ಕೇಳಿದ್ದು ನಿಂಬೆಹಣ್ಣು ಒಂದೇ.

ಸ್ನಾನ ಆಯ್ತಾ?

ಶಿಕಾರಿಪುರದ ಪೇಟೆಯಲ್ಲೇ ಒಬ್ಬ ಬಟ್ಟೆ ವ್ಯಾಪಾರಿ. ಒಂದು ದಿನ ಫೋನು ಬಂತು. "ಏನ್ರೀ, ಎಂಥಾ ಡಬ್ಬ ಕೊಟ್ಟೀರಿ? ಕಂಬಳಿ ಹೊದ್ಕೊಂಡು ಹಾಡಿದಂಗೆ ಕೇಳ್ತೈತಲ್ರೀ."

ಹೋಗಿ ನೋಡಿದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಂಗಡಿಯಿಂದ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು. ಅದರ ಮೇಲೆ ಅವರ ಅಂಗಡಿಯದೇ ಒಂದು ವೆಲ್ವೆಟ್ ಬಟ್ಟೆ. ಅದರ ಮೇಲೆ ಯಜಮಾನತಿ ಕೈಯಾರೆ ಹಾಕಿದ ಕ್ರೋಶಾ ಹೊದಿಕೆ. ನೆತ್ತಿಯ ಮೇಲೆ ಹಿತ್ತಾಳೆಯ ಪುಟ್ಟ ಬಸವಣ್ಣ, ಬಸವಣ್ಣನಿಗೆ ದಾಸವಾಳ. ಎರಡು ಡಬ್ಬ, ಎರಡು ಬಸವಣ್ಣ.

"ಇದನ್ನೆಲ್ಲ ತೆಗೀಬೇಕ್ರೀ" ಅಂದೆ.

"ಧೂಳು ಕೂರ್ತೈತಲ್ಲ" ಅಂದರು ಯಜಮಾನತಿ.

ಬೇಡಿಕೊಂಡು, ಹೊದಿಕೆಯ ಅಡಿಯಿಂದ ಕೈ ತೂರಿಸಿ ಪ್ಲಾಸ್ಟಿಕ್ಕು ಹರಿದೆ. ಉಳಿದದ್ದನ್ನು ಹಾಡು ಕೇಳುವಾಗ ಮಾತ್ರ ತೆಗೆದಿಡುವುದು ಅಂತ ರಾಜಿಯಾಯಿತು. ನನಗೂ ಸಮಾಧಾನ. ಕುರ್ಚಿಯ ಜಾಗ ತೋರಿಸಿ, ಇನ್ನೇನು ಯಜಮಾನರು ಕೂರಬೇಕು, ಹೊದಿಕೆ ತೆಗೆಯೋಣ ಅಂತ ಬಸವಣ್ಣನಿಗೆ ಕೈ ಹಾಕಿದೆ. ಒಳಗಿನಿಂದ ಯಜಮಾನತಿ ಕೂಗಿದರು.

"ಬಸವಣ್ಣನ್ನ ಮುಟ್ಟಬ್ಯಾಡ್ರೀ! ಇವರದು ಇನ್ನೂ ಸ್ನಾನ ಆಗಿಲ್ಲ. ನಿಮ್ಮದು ಆಗೈತೇನು?"

ನನ್ನದು ಆಗಿತ್ತು. ಆದರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಯಾರ್‍ಯಾರನ್ನೋ ಮುಟ್ಟಿಕೊಂಡು ಬಂದಿದ್ದೆನಲ್ಲ, ಆ ಸ್ನಾನ ಲೆಕ್ಕಕ್ಕೆ ಬರಲಿಲ್ಲ. ಯಜಮಾನರು ಸ್ನಾನಕ್ಕೆ ಹೋದರು. ಸ್ನಾನ ಆದಮೇಲೆ ಪೂಜೆ, ಪೂಜೆ ಆದಮೇಲೆ ತಿಂಡಿ, ತಿಂಡಿ ಆದಮೇಲೆ ಅಂಗಡಿಗೆ ಹೊತ್ತಾಯಿತು. ಈಗ ಆ ಮನೆಯಲ್ಲಿ ಎಲ್ಲರೂ ಬೆಳಿಗ್ಗೆ ಬೇಗ ಸ್ನಾನ ಮಾಡುತ್ತಾರಂತೆ. ಯಜಮಾನತಿ ಸಿಕ್ಕಾಗಲೆಲ್ಲ ನನಗೆ ಕೈಮುಗಿದು ಹೇಳುತ್ತಾರೆ, "ನಿಮ್ಮ ಡಬ್ಬ ಬಂದಮೇಲೆ ನಮ್ಮನೇಲಿ ಮಡಿ ಹೆಚ್ಚಾತು ನೋಡ್ರಿ."

ತಾಳ

ಅಂಜನಾಪುರದ ಒಂದು ಮನೆಯಲ್ಲಿ ವೂಫರಿನ ದಪ್ಪ ದನಿ ಗುಂ ಅಂದಾಗಲೆಲ್ಲ ಎಲ್ಲೋ ಒಂದು ಕಡೆ ಜಿಣ್ ಅನ್ನುತ್ತಿತ್ತು. ಡಬ್ಬ ಬಿಚ್ಚಿ ನೋಡಿದೆ, ಸ್ಕ್ರೂ ಬಿಗಿ ಮಾಡಿದೆ, ಕಿಟಕಿಗೆ ಕಾಗದ ತುರುಕಿದೆ, ಗೋಡೆಗೆ ಕಿವಿ ಹಚ್ಚಿ ಹಲ್ಲಿಯ ಹಾಗೆ ಸರಿದಾಡಿದೆ. ಏನೂ ಸಿಗಲಿಲ್ಲ. ನೀರು ಕುಡಿಯೋಣ ಅಂತ ಅಡಿಗೆಮನೆಗೆ ಹೋದರೆ ಕಳ್ಳ ಅಲ್ಲಿದ್ದ! ಗೋಡೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಸ್ಟೀಲ್ ತಟ್ಟೆಗಳು ಮೈಮರೆತು ಕುಣಿಯುತ್ತಿದ್ದವು.

ತಟ್ಟೆಗಳ ನಡುವೆ ಬಟ್ಟೆ ತುರುಕಿ, ಗೆದ್ದೆ ಅಂದುಕೊಂಡು ಬಂದೆ. ಊರು ಮುಟ್ಟುವ ಮೊದಲೇ ಫೋನು. ಆ ಮನೆಯ ಸೊಸೆ.

"ಅಣ್ಣಾ, ಏನೋ ಕೆಡಿಸಿ ಹೋಗೀರಿ."

"ಯಾಕಮ್ಮ? ಜಿಣ್ ಜಿಣ್ ಇನ್ನೂ ಬರ್ತೈತಾ?"

"ಅದೇ ಅಣ್ಣಾ, ಬರ್ತಿಲ್ಲ. ಅತ್ತೆ ಭಜನೆ ಹಾಕ್ಕೊಂಡು ಕುಂತಾರೆ, ತಾಳಾನೇ ಇಲ್ಲ. ಬಂದು ಮೊದಲಿನ ಹಂಗೆ ಮಾಡಿಕೊಡ್ರಿ."

ನಮ್ಮ ಮನೆ

ನಮ್ಮ ಮನೆಯಲ್ಲಾದರೂ ನೆಟ್ಟಗಿದೆಯಾ ಅಂತ ಕೇಳುವವರಿದ್ದಾರೆ. ಇದೆ. ಡಬ್ಬ ಇರಬೇಕಾದಲ್ಲೇ ಇವೆ, ಗುರುತೂ ಇದೆ. ಆ ಗುರುತಿನ ಮೇಲೆ ನನ್ನ ಹೆಂಡತಿ ದಿನಾ ತಪ್ಪದೆ ಕೂರುತ್ತಾಳೆ. ಬೆಳಕು ಚೆನ್ನಾಗಿ ಬೀಳುತ್ತದಂತೆ, ಅಕ್ಕಿ ಆರಿಸುವುದಕ್ಕೆ. ಒಮ್ಮೆ ಆಸೆಯಿಂದ ಹಾಡು ಹಾಕಿದೆ. "ಸ್ವಲ್ಪ ಅದನ್ನ ಬಂದ್ ಮಾಡ್ರಿ, ಕಲ್ಲು ಕಾಣ್ತಿಲ್ಲ" ಅಂದಳು.

ಪಾಲು

ಇಷ್ಟೆಲ್ಲ ಆಗಿ ನಾನು ಆಸೆ ಬಿಟ್ಟು ಕೂತಿದ್ದಾಗ ತಾಳಗುಂದದಿಂದ ಒಂದೇ ದಿನ ಎರಡು ಫೋನು ಬಂದವು. ಇಬ್ಬರೂ ಅಣ್ಣತಮ್ಮ, ಇಬ್ಬರದೂ ದೂರು. ಹಿಂದೆ ಅವರು ಒಟ್ಟಿಗಿದ್ದಾಗ ಅದೇ ಮನೆಗೆ ನಾನೇ ಸ್ಟೀರಿಯೋ ಕೂರಿಸಿದ್ದೆ.

ಹೋಗಿ ನೋಡಿದೆ. ಮನೆ ಪಾಲಾಗಿತ್ತು. ದೊಡ್ಡ ಹಾಲಿನ ನಟ್ಟನಡುವೆ, ಎರಡು ಡಬ್ಬಗಳ ಮಧ್ಯದಿಂದ ಹೊರಟು ನೇರ ಹಿಂದಕ್ಕೆ ಒಂದು ಗೋಡೆ. ಪಾಲು ಮಾಡಿದ ಹಿರಿಯರು ಸ್ಟೀರಿಯೋವನ್ನೂ ಬಿಟ್ಟಿರಲಿಲ್ಲ. ಎರಡು ಡಬ್ಬ, ಇಬ್ಬರು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು! ಹಾಡಿಸುವ ಯಂತ್ರ ತಮ್ಮನ ಕಡೆ, ಅಲ್ಲಿಂದ ಅಣ್ಣನ ಡಬ್ಬಕ್ಕೆ ವೈರು. ಅವರವ್ವ ಎರಡೂ ಕಡೆ ಓಡಾಡಲಿ ಅಂತ ಗೋಡೆಯ ಹಿಂದಿನ ತುದಿಯಲ್ಲಿ ಒಂದಾಳು ಹಿಡಿಯುವಷ್ಟು ಜಾಗ ಬಿಟ್ಟಿದ್ದರು. ಬಾಗಿಲು ಇಲ್ಲ, ಹೊಸ್ತಿಲೂ ಇಲ್ಲ. ಇಟ್ಟರೆ ಹೊಸ್ತಿಲ ಪೂಜೆ ಯಾವ ಸೊಸೆ ಮಾಡಬೇಕು ಅಂತ ಮತ್ತೆ ಜಗಳ.

ಅಣ್ಣ ಕೈ ಹಿಡಿದು ಎಳೆದುಕೊಂಡು ಹೋದ. "ನೋಡ್ರೀ ಇವನ ಕಿತಾಪತಿ! ತಬಲಾ, ಕೊಳಲು ಎಲ್ಲ ತನ್ನ ಕಡೆ ಎಳಕೊಂಡಾನೆ. ನನಗೆ ಬರೇ ಬಾಯಿ ಬಿಟ್ಟಾನೆ."

ಗೋಡೆಯಾಚೆಯಿಂದ ತಮ್ಮ ಕೂಗಿದ. "ನನಗೇನು ಸಿಕ್ಕೈತಿ? ಬೆಳಗಿಂದ ಬಾರಿಸ್ತಾನೇ ಅದಾರೆ, ಹಾಡೋರು ಬರವಲ್ರು!"

ಹಳೇ ಹಾಡುಗಳಲ್ಲಿ ಕೆಲವು ಹಾಗೇ ಇರುತ್ತವೆ. ಹಾಡುವ ದನಿ ಒಂದು ಡಬ್ಬಕ್ಕೆ, ವಾದ್ಯ ಇನ್ನೊಂದಕ್ಕೆ. ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಎರಡೂ ಕಡೆ ಎಲ್ಲವೂ ಬರುತ್ತದೆ, ಜಗಳ ಮುಗಿಯುತ್ತದೆ. ತಮ್ಮನ ಕಡೆ ಹೋಗಿ ಬೆರಳನ್ನು ಗುಂಡಿಯ ಮೇಲೆ ಇಟ್ಟೆ. ಯಾಕೋ ಮನಸ್ಸು ಬರಲಿಲ್ಲ. ನಾನು ಪ್ರೀತಿಯಿಂದ ಕೂರಿಸಿದ ಸ್ಟೀರಿಯೋ ಅದು, ಒತ್ತಿದರೆ ಎದುರಿಗೆ ಕಛೇರಿ ಕೂತ ಮಜಾ ಹೋಗಿಬಿಡುತ್ತದೆ.

"ಒತ್ತೋಕೆ ಮುಂಚೆ ಒಬ್ಬರು ಬಂದು ಆ ಗೋಡೆ ಸಂದಿಯಲ್ಲಿ ಕುರ್ಚಿ ಹಾಕ್ಕೊಂಡು ಕೂತು ನೋಡ್ರಪ್ಪ. ಹಾಡು ಪೂರ್ತಿ ಸಿಗೋದು ಅಲ್ಲೊಂದೇ ಕಡೆ" ಅಂದೆ.

"ಅಲ್ಲಿ ಕುಂತರೆ ಅರ್ಧ ಕುರ್ಚಿ ಅವನ ಜಾಗಕ್ಕೆ ಹೋಗ್ತೈತಿ. ನಾನು ಕುಂದ್ರಲ್ಲ" ಅಂದ ಅಣ್ಣ.

"ಅವನು ಕುಂತರೆ ನಾನು ಸುಮ್ನಿರಲ್ಲ" ಅಂದ ತಮ್ಮ.

ಇಬ್ಬರ ವಾದ ಏರುತ್ತಲೇ ಹೋಯಿತು. ಅಷ್ಟು ಹೊತ್ತು ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅವರವ್ವ ಎದ್ದರು. ತಾವು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು, ಸಂದಿಯಲ್ಲಿ ಸರಿಯಾಗಿ ಹಾಕಿ, ಸೆರಗು ಹೊದ್ದು ಕೂತರು. ಒಂದು ಕಾಲು ದೊಡ್ಡಮಗನ ಮನೆಯಲ್ಲಿ, ಒಂದು ಕಾಲು ಸಣ್ಣಮಗನ ಮನೆಯಲ್ಲಿ.

"ಹಾಕಪ್ಪಾ ನೋಡಾಣ" ಅಂದರು.

ಹಾಕಿದೆ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಕೇಳಿದರು. ಆಮೇಲೆ ಮುಖ ಅರಳಿತು. "ಅಯ್ಯ ನನ್ನಪ್ಪನೇ! ಭಜನೆ ನಡುವೆ ಕುಂತಂಗೆ ಆತಲ್ಲೋ! ಹಾಡೋನು ಈ ಕಡೆ ಕುಂತಾನೆ, ತಬಲಾದೋನು ಆ ಕಡೆ ಕುಂತಾನೆ!"

ಹಾಡು ಪೂರ್ತಿ ಕೇಳಿದರು, ನಡುವೆ ಏಳಲಿಲ್ಲ. ಎರಡೂ ಕಡೆಯಿಂದ ಸೊಸೆಯರು ಒಂದೊಂದು ಲೋಟ ಚಾ ತಂದುಕೊಟ್ಟರು, ಎರಡನ್ನೂ ಕುಡಿದರು. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಇಷ್ಟು ವರ್ಷದ ಮೇಲೆ ಒಬ್ಬರು ನಾನು ಹೇಳಿದ ಜಾಗದಲ್ಲಿ ಕೂತಿದ್ದರು!

ಅವ್ವನ ಖುಷಿ ನೋಡಿ ಮಕ್ಕಳಿಗೆ ತಡೆಯಲಾಗಲಿಲ್ಲ. "ಅವ್ವಾ, ಸ್ವಲ್ಪ ಏಳು, ನಾನೂ ನೋಡ್ತೀನಿ" ಅಂತ ಅಣ್ಣ ಬಂದ. "ನಾನು ಮೊದಲು" ಅಂತ ತಮ್ಮ ಆ ಕಡೆಯಿಂದ ಕುರ್ಚಿಯ ಕೈ ಹಿಡಿದ. ಅಣ್ಣ ಈ ಕಡೆಯ ಕೈ ಹಿಡಿದ. ಹಿರಿಯರನ್ನು ಕರೆಸೋಣ, ಬೆಳಿಗ್ಗೆ ಒಬ್ಬ, ಸಂಜೆ ಒಬ್ಬ ಕೂರೋಣ ಅನ್ನುವವರೆಗೆ ಮಾತು ಹೋಯಿತು.

ಅವ್ವ ಅಲ್ಲಾಡಲಿಲ್ಲ. ಇಬ್ಬರ ಕೈಗೂ ಪಟಪಟ ಹೊಡೆದು ಕುರ್ಚಿಯಿಂದ ಬಿಡಿಸಿದರು.

"ಹೊಲ ಅರ್ಧರ್ಧ ಹಂಚ್ಕೊಂಡ್ರಿ. ಮನೆಗೆ ಗೋಡೆ ಹಾಕಿದ್ರಿ. ಹಾಡನ್ನೂ ಸೀಳಿ ಒಂದೊಂದು ಹೋಳು ಇಟ್ಕೊಂಡ್ರಿ. ನನಗೊಂದು ಪಾಲು ಬ್ಯಾಡೇನ್ರೋ? ಈ ಕುರ್ಚಿ ನನ್ನ ಪಾಲು. ಹೋಗ್ರಿ ನಿಮ್ಮ ನಿಮ್ಮ ಮನೆಗೆ! ಏನಪ್ಪಾ ಅಂಗಡಿಯವನೇ, ಇನ್ನೊಂದು ಹಾಕು."